ಪ್ಲಗಿನ್ ಹೋದ ಮೇಲೆ ಹಳೇ ಸಾಫ್ಟ್‌ವೇರಿನ ಜೊತೆ ಏಗುವುದು

ಹತ್ತು ವರ್ಷ ಹಳೆಯ ಸಿಸಿಟಿವಿ ಡಿವಿಆರ್ (ಕ್ಯಾಮೆರಾ ಚಿತ್ರ ಉಳಿಸಿಕೊಳ್ಳುವ ಪೆಟ್ಟಿಗೆ) ಒಂದರ ಐಪಿ ವಿಳಾಸವನ್ನು ಕ್ರೋಮ್‌ನಲ್ಲಿ ಟೈಪ್ ಮಾಡಿ ನೋಡಿ. ಲಾಗಿನ್ ಆಗುತ್ತದೆ, ಮೆನು ಬರುತ್ತದೆ. ಕ್ಯಾಮೆರಾ ಚಿತ್ರ ಬರಬೇಕಾದ ಜಾಗದಲ್ಲಿ ಮಾತ್ರ ‘ಪ್ಲಗಿನ್ ಇಳಿಸಿಕೊಳ್ಳಲು ಇಲ್ಲಿ ಒತ್ತಿ’ ಎಂಬ ಅರ್ಥದ ಒಂದು ಸಾಲು. ಒತ್ತಿದರೆ ಇಎಕ್ಸ್‌ಇ ಫೈಲ್ ಇಳಿಯುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿ, ಬ್ರೌಸರ್ ಮುಚ್ಚಿ ತೆರೆದರೆ ಮತ್ತೆ ಅದೇ ಸಾಲು. ಎಷ್ಟು ಸಲ ಮಾಡಿದರೂ ಅಷ್ಟೇ. ಪ್ಲಗಿನ್, ಅಂದರೆ ಬ್ರೌಸರಿಗೆ ಹೊರಗಿನಿಂದ ಸೇರಿಸುವ ಚಿಕ್ಕ ಪ್ರೋಗ್ರಾಂ, ತನ್ನ ಜಾಗದಲ್ಲಿ ಸರಿಯಾಗಿಯೇ ಕೂತಿರುತ್ತದೆ. ಅದನ್ನು ಒಳಗೆ ಕರೆಯುವ ಬಾಗಿಲು ಕ್ರೋಮ್‌ನಲ್ಲಿ 2015ರ ಸೆಪ್ಟೆಂಬರ್‌ನಿಂದ, ಅಂದರೆ 45ನೇ ಆವೃತ್ತಿಯಿಂದ ಇಲ್ಲ.

ಆ ಬಾಗಿಲಿನ ಹೆಸರು ಎನ್‌ಪಿಎಪಿಐ. ನೆಟ್‌ಸ್ಕೇಪ್ 2.0 ಕಾಲದ್ದು. ಮೈಕ್ರೋಸಾಫ್ಟ್ ಅದಕ್ಕೆ ಎದುರಾಗಿ 1996ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 3ರ ಜೊತೆ ಆಕ್ಟಿವ್‌ಎಕ್ಸ್ ತಂದಿತು. ಎರಡೂ ಮಾಡುತ್ತಿದ್ದುದು ಒಂದೇ: ಬ್ರೌಸರಿಗೆ ಬಾರದ ಕೆಲಸವನ್ನು ಹೊರಗಿನ ಒಂದು ಡಿಎಲ್‌ಎಲ್‌ಗೆ (ವಿಂಡೋಸ್‌ನ ಪ್ರೋಗ್ರಾಂ ತುಣುಕಿಗೆ) ಒಪ್ಪಿಸುವುದು, ಪುಟದಲ್ಲಿ ಒಂದು ಚೌಕವನ್ನು ಅದಕ್ಕೆ ಬಿಟ್ಟುಕೊಡುವುದು. ಆ ಡಿಎಲ್‌ಎಲ್‌ಗೆ ಕಂಪ್ಯೂಟರಿನಲ್ಲಿ ಅದರ ಮುಂದೆ ಕೂತವರಿಗಿರುವಷ್ಟೇ ಹಕ್ಕು. ಫೈಲ್ ಓದಬಹುದು, ಯುಎಸ್‌ಬಿ ಮುಟ್ಟಬಹುದು, ಯಾವ ಪೋರ್ಟನ್ನಾದರೂ ತೆರೆಯಬಹುದು. ಅನುಕೂಲ ಇದ್ದದ್ದು ಅಲ್ಲೇ, ಕುತ್ತು ಬಂದದ್ದೂ ಅಲ್ಲಿಂದಲೇ. ಜಾವಾ ಪ್ಲಗಿನ್ನಿನಲ್ಲಿ 2013ರ ಜನವರಿಯಲ್ಲಿ ಸಿಕ್ಕ ತೂತು ಎಷ್ಟು ದೊಡ್ಡದಿತ್ತೆಂದರೆ ಅಮೆರಿಕದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯೇ ಬ್ರೌಸರಿನಲ್ಲಿ ಜಾವಾ ಆಫ್ ಮಾಡಿಡಿ ಎಂದು ಜನರಿಗೆ ಹೇಳಿತು.

ಮುಂದಿನದು ಬೇಗ ಬೇಗ ನಡೆಯಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ 52ನೇ ಆವೃತ್ತಿಯಿಂದ ಫ್ಲ್ಯಾಶ್ ಒಂದನ್ನು ಬಿಟ್ಟು ಮಿಕ್ಕ ಪ್ಲಗಿನ್‌ಗಳನ್ನೆಲ್ಲ ನಿಲ್ಲಿಸಿತು. ಅದೇ ವರ್ಷ ಜುಲೈನಲ್ಲಿ ಅಡೋಬಿ ಫ್ಲ್ಯಾಶ್‌ಗೆ 2020ರ ಕೊನೆಯ ಗಡುವು ಕೊಟ್ಟಿತು. ಒರಾಕಲ್ 2018ರಲ್ಲಿ ಜಾವಾ 11ರಿಂದ ಬ್ರೌಸರ್ ಪ್ಲಗಿನ್ನನ್ನೂ ವೆಬ್ ಸ್ಟಾರ್ಟನ್ನೂ ತೆಗೆಯಿತು. ಮೈಕ್ರೋಸಾಫ್ಟ್‌ನ ಪ್ಲಗಿನ್ ಸಿಲ್ವರ್‌ಲೈಟ್‌ಗೆ ಬೆಂಬಲ ಮುಗಿದದ್ದು 2021ರ ಅಕ್ಟೋಬರ್ 12ಕ್ಕೆ. ಡೆಸ್ಕ್‌ಟಾಪ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತಿಯಾಯಿತು.

ಪ್ಲಗಿನ್ ಸತ್ತಿತು ಅನ್ನುವ ಮಾತು ಅರ್ಧ ಮಾತ್ರ ನಿಜ. ವಿಡಿಯೋ, ಅನಿಮೇಷನ್, ಆಟ ತೋರಿಸಲಿಕ್ಕೆ ಇದ್ದ ಪ್ಲಗಿನ್ ಸತ್ತಿತು. ಅದರ ಕೆಲಸವನ್ನು ಬ್ರೌಸರಿನಲ್ಲೇ ಇರುವ ಎಚ್‌ಟಿಎಂಎಲ್5 ಮತ್ತು ವೆಬ್‌ಅಸೆಂಬ್ಲಿ ಹಂಚಿಕೊಂಡವು. ಆದರೆ ಯಂತ್ರವನ್ನು ಮುಟ್ಟಲಿಕ್ಕೆ ಇದ್ದ ಪ್ಲಗಿನ್, ಅಂದರೆ ಯುಎಸ್‌ಬಿ ಟೋಕನ್ ಓದುವುದು, ಕ್ಯಾಮೆರಾದ ವಿಚಿತ್ರ ಪ್ರೋಟೋಕಾಲ್ ಬಿಡಿಸುವುದು, ಸರ್ವರಿನ ಪರದೆಯನ್ನು ದೂರದಿಂದ ತೋರಿಸುವುದು ಇಂಥವಕ್ಕೆ ಇದ್ದದ್ದು ಸಾಯಲಿಲ್ಲ. ಬ್ರೌಸರಿನಿಂದ ಎದ್ದು ಬಂದು ಪಕ್ಕದ ಕೋಣೆಯಲ್ಲಿ ಕೂತಿದೆ. ನಿಮ್ಮೆದುರಿಗಿರುವ ಹಳೇ ಸಾಫ್ಟ್‌ವೇರ್ ಈ ಎರಡರಲ್ಲಿ ಯಾವ ಜಾತಿ ಎಂದು ಮೊದಲು ಗೊತ್ತಾಗಬೇಕು. ತೋರಿಸುವ ಜಾತಿಗೆ ಎಮ್ಯುಲೇಟರ್ (ಹಳೆಯದರ ಕೆಲಸವನ್ನು ಅನುಕರಿಸುವ ಹೊಸ ತಂತ್ರಾಂಶ) ಸಾಕು. ಮುಟ್ಟುವ ಜಾತಿಗೆ ಎಮ್ಯುಲೇಟರಿನಿಂದ ಏನೂ ಆಗುವುದಿಲ್ಲ.

ಮೊದಲು ಗುರುತು ಹಿಡಿಯಿರಿ

ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ಪೇಜ್ ಸೋರ್ಸ್ ತೆಗೆಯಿರಿ. ಅದರಲ್ಲಿ ‘ಆಪ್ಲೆಟ್’ (ಪುಟದೊಳಗೆ ಓಡುವ ಜಾವಾ ಪ್ರೋಗ್ರಾಂ) ಟ್ಯಾಗ್ ಇದ್ದರೆ ಜಾವಾ. ‘ಆಬ್ಜೆಕ್ಟ್’ ಟ್ಯಾಗ್ ಇದ್ದು ಅದಕ್ಕೆ ‘ಕ್ಲಾಸ್‌ಐಡಿ’ ಎಂಬ ಉದ್ದನೆಯ ಸಂಖ್ಯೆ ಇದ್ದರೆ ಆಕ್ಟಿವ್‌ಎಕ್ಸ್. ಆ ಸಂಖ್ಯೆ ಡಿ27ಸಿಡಿಬಿ6ಇ ಎಂದು ಶುರುವಾದರೆ ಅದು ಫ್ಲ್ಯಾಶ್, 8ಎಡಿ9ಸಿ840 ಎಂದು ಶುರುವಾದರೆ ಜಾವಾ. ಬೇರೆ ಏನಾದರೂ ಇದ್ದರೆ ಬಹುಮಟ್ಟಿಗೆ ಆ ಸಾಧನ ತಯಾರಿಸಿದವರದೇ ಸ್ವಂತ ಕಂಟ್ರೋಲ್. ಲಿಂಕ್ ಒತ್ತಿದಾಗ ಜೆಎನ್‌ಎಲ್‌ಪಿ ಫೈಲ್ ಇಳಿದರೆ ಅದು ಆಪ್ಲೆಟ್ ಅಲ್ಲ, ಜಾವಾ ವೆಬ್ ಸ್ಟಾರ್ಟ್. ಈ ವ್ಯತ್ಯಾಸ ಮುಖ್ಯ, ಯಾಕೆಂದರೆ ವೆಬ್ ಸ್ಟಾರ್ಟ್‌ಗೆ ಬ್ರೌಸರಿನ ಹಂಗೇ ಇಲ್ಲ. ಓಪನ್‌ವೆಬ್‌ಸ್ಟಾರ್ಟ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡರೆ ಹಲವು ಜೆಎನ್‌ಎಲ್‌ಪಿಗಳು ಹಾಗೇ ಓಡುತ್ತವೆ.

ಕನ್ನಡದವರಿಗೆ ಗೊತ್ತಿರುವ ಇನ್ನೊಂದು ಹಳೇ ರೋಗವನ್ನೂ ಇಲ್ಲೇ ಹೇಳಿಬಿಡಬೇಕು. ಯೂನಿಕೋಡ್ ಬರುವ ಮುಂಚಿನ ಕನ್ನಡ ತಾಣಗಳು ಡೈನಮಿಕ್ ಫಾಂಟ್ ಬಳಸುತ್ತಿದ್ದವು. ಎಕ್ಸ್‌ಪ್ಲೋರರ್‌ಗಾದರೆ ಇಒಟಿ ಫೈಲ್, ನೆಟ್‌ಸ್ಕೇಪ್‌ಗಾದರೆ ಬಿಟ್‌ಸ್ಟ್ರೀಮ್‌ನ ಪಿಎಫ್‌ಆರ್. ಫಾಂಟು ಸರ್ವರಿನಿಂದ ಬಂದರೆ ಮಾತ್ರ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅಂಥ ಪುಟವನ್ನು ಈಗ ತೆರೆದರೆ ಪ್ಲಗಿನ್ ಹುಡುಕುತ್ತಾ ಕೂರಬೇಡಿ. ಪಠ್ಯವನ್ನು ಕಾಪಿ ಮಾಡಿ, ಯಾವ ಫಾಂಟಿನ ಎನ್‌ಕೋಡಿಂಗ್ ಎಂದು ಸೋರ್ಸ್‌ನಲ್ಲಿ ನೋಡಿಕೊಂಡು, ಅದಕ್ಕೆ ತಕ್ಕ ಆಸ್ಕಿ–ಯೂನಿಕೋಡ್ ಪರಿವರ್ತಕಕ್ಕೆ ಹಾಕಿ. ನುಡಿಯ ಪರಿವರ್ತಕಕ್ಕೆ ಬೇರೆ ಫಾಂಟಿನ ಪಠ್ಯ ಕೊಟ್ಟರೆ ಅರ್ಕಾವತ್ತು, ಒತ್ತಕ್ಷರಗಳು ಎಲ್ಲೆಂದರಲ್ಲಿ ಹೋಗಿ ಕೂರುತ್ತವೆ.

ಎಡ್ಜ್‌ನೊಳಗೆ ಉಳಿದಿರುವ ಎಕ್ಸ್‌ಪ್ಲೋರರ್

ಆಕ್ಟಿವ್‌ಎಕ್ಸ್ ಬೇಕೇ ಬೇಕು ಅನ್ನುವವರಿಗೆ ಇವತ್ತಿಗೂ ಒಂದು ಅಧಿಕೃತ ದಾರಿ ಇದೆ: ಮೈಕ್ರೋಸಾಫ್ಟ್ ಎಡ್ಜ್‌ನ ಐಇ ಮೋಡ್. ಕನಿಷ್ಠ 2029ರವರೆಗೆ ಇರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಎಡ್ಜ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡಿಫಾಲ್ಟ್ ಬ್ರೌಸರ್’ ಭಾಗಕ್ಕೆ ಹೋಗಿ, ಸೈಟುಗಳನ್ನು ಐಇ ಮೋಡ್‌ನಲ್ಲಿ ಮತ್ತೆ ತೆರೆಯಲು ಬಿಡುವ ಆಯ್ಕೆಯನ್ನು ‘ಅಲೋ’ ಮಾಡಿ, ಎಡ್ಜನ್ನು ರೀಸ್ಟಾರ್ಟ್ ಮಾಡಬೇಕು. ಆಮೇಲೆ ಬೇಕಾದ ಪುಟ ತೆರೆದು, ಮೂರು ಚುಕ್ಕೆಯ ಮೆನುವಿನಲ್ಲಿ ‘ರಿಲೋಡ್ ಇನ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್’ ಒತ್ತಿದರೆ ವಿಳಾಸದ ಪಕ್ಕದಲ್ಲಿ ಹಳೆಯ ‘ಇ’ ಗುರುತು ಬರುತ್ತದೆ.

ಹೀಗೆ ಸೇರಿಸಿದ ಪುಟಕ್ಕೆ 30 ದಿನದ ಆಯಸ್ಸು. 31ನೇ ದಿನ ‘ನಿನ್ನೆಯವರೆಗೂ ಬರ್ತಿತ್ತು, ಇವತ್ತು ಬರ್ತಿಲ್ಲ’ ಎಂದು ಫೋನ್ ಬರುವುದು ಇದಕ್ಕೇ. ಮತ್ತೆ ಸೇರಿಸಿದರೆ ಇನ್ನೊಂದು 30 ದಿನ. ಪದೇ ಪದೇ ಈ ಕಾಟ ಬೇಡ ಎಂದರೆ ಎಂಟರ್‌ಪ್ರೈಸ್ ಸೈಟ್ ಲಿಸ್ಟ್ ಎಂಬ ಎಕ್ಸ್‌ಎಂಎಲ್ ಫೈಲ್ ಮಾಡಿ, ಗ್ರೂಪ್ ಪಾಲಿಸಿಯಿಂದ ಅದನ್ನು ಎಡ್ಜ್‌ಗೆ ತೋರಿಸಬೇಕು. ಎಡ್ಜ್‌ನ ವಿಳಾಸಪಟ್ಟಿಯಲ್ಲಿ ‘ಎಡ್ಜ್://ಕಂಪ್ಯಾಟ್/ಎಂಟರ್‌ಪ್ರೈಸ್’ (ಅದರ ಇಂಗ್ಲಿಷ್ ಕಾಗುಣಿತದಲ್ಲಿ) ಹೊಡೆದರೆ ಪಟ್ಟಿ ತಲುಪಿದೆಯೋ ಇಲ್ಲವೋ ಕಾಣುತ್ತದೆ. ಪಟ್ಟಿ ತಿದ್ದಿದಾಗ ಫೈಲಿನ ಮೇಲಿರುವ ವರ್ಷನ್ ಸಂಖ್ಯೆಯನ್ನು ಒಂದು ಹೆಚ್ಚಿಸದಿದ್ದರೆ ಎಡ್ಜ್ ಹೊಸ ಪಟ್ಟಿಯನ್ನು ಮೂಸಿಯೂ ನೋಡುವುದಿಲ್ಲ. ತಾಸುಗಟ್ಟಲೆ ತಲೆ ಕೆಡಿಸುವ ತಪ್ಪು ಇದು.

ಇನ್ನೊಂದು ತಪ್ಪು ಲಾಗಿನ್ ಸುಳಿ. ಪಾಸ್‌ವರ್ಡ್ ಕೊಟ್ಟರೆ ಒಳಗೆ ಹೋದ ಹಾಗೆ ಮಾಡಿ ಮತ್ತೆ ಲಾಗಿನ್ ಪುಟಕ್ಕೇ ತಂದು ಬಿಡುತ್ತದೆ. ಎಡ್ಜ್ ಮತ್ತು ಐಇ ಮೋಡ್ ಕುಕಿಗಳನ್ನು ತಾವಾಗಿ ಹಂಚಿಕೊಳ್ಳುವುದಿಲ್ಲ. ಲಾಗಿನ್ ಸರ್ವರ್ ಒಂದು ವಿಳಾಸದಲ್ಲಿ, ಅಪ್ಲಿಕೇಶನ್ ಇನ್ನೊಂದು ವಿಳಾಸದಲ್ಲಿ ಇದ್ದು, ಪಟ್ಟಿಯಲ್ಲಿ ಅಪ್ಲಿಕೇಶನ್ ಮಾತ್ರ ಇದ್ದರೆ, ಲಾಗಿನ್ ಆದದ್ದು ಎಡ್ಜ್ ಕಡೆ, ಕೇಳುತ್ತಿರುವುದು ಐಇ ಕಡೆ. ಲಾಗಿನ್ ವಿಳಾಸವನ್ನು ‘ನ್ಯೂಟ್ರಲ್’ ಸೈಟ್ ಎಂದು ಪಟ್ಟಿಗೆ ಸೇರಿಸಿದರೆ ಅದು ತನ್ನನ್ನು ಕರೆದ ಕಡೆಯಲ್ಲೇ ಉಳಿಯುತ್ತದೆ.

ಡಿವಿಆರ್ ವಿಷಯಕ್ಕೆ ಬಂದರೆ, ಐಇ ಮೋಡ್ ಒಂದರಿಂದಲೇ ಚಿತ್ರ ಬರುವುದಿಲ್ಲ. ರನ್ ಬಾಕ್ಸಿನಲ್ಲಿ inetcpl.cpl ಕೊಟ್ಟು ಇಂಟರ್ನೆಟ್ ಆಪ್ಷನ್ಸ್ ತೆರೆಯಿರಿ. ‘ಸೆಕ್ಯುರಿಟಿ’ ಟ್ಯಾಬಿನಲ್ಲಿ ‘ಟ್ರಸ್ಟೆಡ್ ಸೈಟ್ಸ್’ ಆರಿಸಿ, ಎಚ್‌ಟಿಟಿಪಿಎಸ್ ಕಡ್ಡಾಯ ಎನ್ನುವ ಟಿಕ್ ತೆಗೆದು, ಡಿವಿಆರ್‌ನ ಐಪಿಯನ್ನು ಸೇರಿಸಿ. ಅದೇ ವಲಯದ ‘ಕಸ್ಟಮ್ ಲೆವೆಲ್’ನಲ್ಲಿ ಸಹಿ ಇಲ್ಲದ ಆಕ್ಟಿವ್‌ಎಕ್ಸ್ ಇಳಿಸುವುದನ್ನೂ, ಸುರಕ್ಷಿತ ಎಂದು ಗುರುತಿಲ್ಲದ ಆಕ್ಟಿವ್‌ಎಕ್ಸ್ ಓಡಿಸುವುದನ್ನೂ ‘ಪ್ರಾಂಪ್ಟ್’ಗೆ ಇಡಿ. ‘ಎನೇಬಲ್’ ಬೇಡ. ‘ಇಂಟರ್ನೆಟ್’ ವಲಯದಲ್ಲಂತೂ ಈ ಎರಡನ್ನು ಮುಟ್ಟಲೇಬೇಡಿ. ಕ್ಯಾಮೆರಾ ಹಾಕಿಕೊಟ್ಟು ಹೋಗುವವರು ಅವಸರದಲ್ಲಿ ಎಲ್ಲ ವಲಯಕ್ಕೂ ಎನೇಬಲ್ ಒತ್ತಿ ಹೋಗಿರುತ್ತಾರೆ. ಆ ಕಂಪ್ಯೂಟರಿನಲ್ಲೇ ಬ್ಯಾಂಕ್ ಕೆಲಸವೂ ನಡೆಯುತ್ತಿರುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ವಿಎಲ್‌ಸಿ ಎಂಬ ಉಚಿತ ವಿಡಿಯೋ ಪ್ಲೇಯರಿನಲ್ಲಿ ಒಂದು ಸಲ ನೋಡಿ. ಬಹಳ ಡಿವಿಆರ್‌ಗಳು ಪ್ಲಗಿನ್ ಇಲ್ಲದೆಯೇ 554ನೇ ಪೋರ್ಟಿನಲ್ಲಿ ಆರ್‌ಟಿಎಸ್‌ಪಿ (ನೇರ ವಿಡಿಯೋ ಹರಿಸುವ ಪ್ರೋಟೋಕಾಲ್) ಕೊಡುತ್ತವೆ. ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಎನ್ ಒತ್ತಿ ವಿಳಾಸ ಕೊಡಬೇಕು. ಹಿಕ್‌ವಿಷನ್ ಬಗೆಯವಕ್ಕೆ ವಿಳಾಸದ ಕೊನೆಯಲ್ಲಿ ‘ಸ್ಟ್ರೀಮಿಂಗ್/ಚಾನೆಲ್ಸ್/101’. ಇಲ್ಲಿ ಮೊದಲ ಅಂಕಿ ಚಾನೆಲ್, ಕೊನೆಯ ಎರಡು ಸ್ಟ್ರೀಮ್. 101 ಅಂದರೆ ಒಂದನೇ ಕ್ಯಾಮೆರಾದ ಪೂರ್ಣ ಚಿತ್ರ, 302 ಅಂದರೆ ಮೂರನೆಯದರ ಹಗುರ ಚಿತ್ರ. ದಾಹುವಾ ಬಗೆಯವಕ್ಕೆ ‘ಕ್ಯಾಮ್/ರಿಯಲ್‌ಮಾನಿಟರ್’ ಎಂದು ಬರೆದು, ‘ಚಾನೆಲ್’ಗೆ 1, ‘ಸಬ್‌ಟೈಪ್’ಗೆ ಪೂರ್ಣ ಚಿತ್ರವಾದರೆ 0, ಹಗುರದ್ದಾದರೆ 1. ಪಾಸ್‌ವರ್ಡಿನಲ್ಲಿ @ ಇದ್ದರೆ ಅದರ ಬದಲು %40 ಬರೆಯಬೇಕು. ಇಲ್ಲದಿದ್ದರೆ ವಿಎಲ್‌ಸಿ ಪಾಸ್‌ವರ್ಡಿನ ಬಾಲವನ್ನು ಸರ್ವರಿನ ಹೆಸರು ಎಂದುಕೊಳ್ಳುತ್ತದೆ. ಲೈವ್ ಚಿತ್ರಕ್ಕೆ ಇದು ಸಾಕು. ಹಳೆಯ ರೆಕಾರ್ಡಿಂಗ್ ಹುಡುಕಲಿಕ್ಕೆ ಮಾತ್ರ ಐಇ ಮೋಡ್ ಅಥವಾ ತಯಾರಕರ ಡೆಸ್ಕ್‌ಟಾಪ್ ತಂತ್ರಾಂಶ ಬೇಕಾಗುತ್ತದೆ. ಈ ಪೋರ್ಟುಗಳನ್ನು ರೌಟರಿನಲ್ಲಿ ಹೊರಗಿನ ಲೋಕಕ್ಕೆ ಫಾರ್ವರ್ಡ್ ಮಾಡಬೇಡಿ. 2016ರಲ್ಲಿ ಮಿರಾಯ್ ಬಾಟ್‌ನೆಟ್ (ಗುಟ್ಟಾಗಿ ವಶಪಡಿಸಿಕೊಂಡ ಸಾಧನಗಳ ದಾಳಿಜಾಲ) ಸೈನ್ಯ ಕಟ್ಟಿಕೊಂಡದ್ದು ಇಂಥ ಡಿವಿಆರ್, ಕ್ಯಾಮೆರಾಗಳಿಂದಲೇ.

ಜಾವಾ: ಆವೃತ್ತಿಯ ಲೆಕ್ಕಾಚಾರ

ಹಳೆಯ ಸರ್ವರುಗಳ ರಿಮೋಟ್ ಕನ್ಸೋಲ್, ಹಳೆಯ ನೆಟ್‌ವರ್ಕ್ ಸ್ವಿಚ್ಚುಗಳ ಆಡಳಿತ ಪುಟ, ಯುಪಿಎಸ್ ಕಾರ್ಡುಗಳು, ಇವೆಲ್ಲ ಜಾವಾ ಕೇಳುತ್ತವೆ. ಮೊದಲು ಫರ್ಮ್‌ವೇರ್, ಅಂದರೆ ಸಾಧನದೊಳಗಿನ ತಂತ್ರಾಂಶ, ನೋಡಿ. ಎಚ್‌ಪಿ ಸರ್ವರನ್ನು ದೂರದಿಂದ ನಿಭಾಯಿಸುವ ಐಲೋ 4ಕ್ಕೆ 2.70 ಫರ್ಮ್‌ವೇರ್‌ನಿಂದ ಎಚ್‌ಟಿಎಂಎಲ್5 ಕನ್ಸೋಲ್ ಬಂದಿದೆ. ಡೆಲ್‌ನ ಅಂಥದ್ದೇ ಐಡ್ರಾಕ್ 7 ಮತ್ತು 8ಕ್ಕೂ ನಂತರದ ಫರ್ಮ್‌ವೇರ್‌ಗಳಲ್ಲಿ ಬಂದಿದೆ. ಅಪ್‌ಡೇಟ್ ಮಾಡಿದರೆ ಜಾವಾ ತಲೆನೋವೇ ಇರುವುದಿಲ್ಲ. ಐಲೋ 2, ಐಡ್ರಾಕ್ 6ರಂಥವಕ್ಕೆ ಆ ಭಾಗ್ಯವಿಲ್ಲ.

ಅವಕ್ಕೆ ಇಟ್ಟುಕೊಳ್ಳಬೇಕಾದದ್ದು ಜಾವಾ 8ರ ಅಪ್‌ಡೇಟ್ 202. ಯಾಕೆ ಅದೇ? ಒರಾಕಲ್‌ನ ಹಳೆಯ ಪರವಾನಗಿಯಲ್ಲಿ ಬಂದ ಕೊನೆಯ ಸಾರ್ವಜನಿಕ ಆವೃತ್ತಿ ಅದು. 2019ರ ಏಪ್ರಿಲ್‌ನ 211ರಿಂದ ವಾಣಿಜ್ಯ ಬಳಕೆಗೆ ಹಣ. ಜೊತೆಗೆ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಟಿಎಲ್‌ಎಸ್‌ನ ಹಳೆಯ 1.0 ಮತ್ತು 1.1 ಆವೃತ್ತಿಗಳನ್ನು ಜಾವಾ ತಾನಾಗಿ ಮುಚ್ಚಿದ್ದು 2021ರ ಅಪ್‌ಡೇಟ್ 291ರಲ್ಲಿ. 202ರಲ್ಲಿ ಅವೆರಡೂ ತೆರೆದೇ ಇವೆ, ಹಳೆಯ ಸಾಧನಗಳಿಗೆ ಬೇಕಾದದ್ದೂ ಅವೇ. ಬ್ರೌಸರ್ 32 ಬಿಟ್ ಇದ್ದರೆ ಜಾವಾವೂ 32 ಬಿಟ್ ಇರಬೇಕು. ‘ಜಾವಾ ಹಾಕಿದ್ದೇನೆ, ಆದರೂ ಇಲ್ಲ ಅನ್ನುತ್ತೆ’ ಎನ್ನುವ ದೂರುಗಳನ್ನು ಬಿಡಿಸುತ್ತಾ ಹೋದರೆ ಬಹಳ ಸಲ ಇಲ್ಲಿಗೇ ಬಂದು ನಿಲ್ಲುತ್ತದೆ.

ಇನ್‌ಸ್ಟಾಲ್ ಆದ ಮೇಲೆ ಜಾವಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಸೆಕ್ಯುರಿಟಿ’ಗೆ ಹೋಗಿ ‘ಎಡಿಟ್ ಸೈಟ್ ಲಿಸ್ಟ್’ನಲ್ಲಿ ಸಾಧನದ ವಿಳಾಸ ಸೇರಿಸಿ. ವಿಳಾಸದ ಮುಂದಿನ ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ಸರಿಯಾಗಿರಬೇಕು, ಪೋರ್ಟ್ ಬೇರೆ ಇದ್ದರೆ ಅದನ್ನೂ ಬರೆಯಬೇಕು. 2014ರ ಜನವರಿಯಿಂದ, ಅಂದರೆ ಜಾವಾ 7ರ ಅಪ್‌ಡೇಟ್ 51ರಿಂದ, ಸಹಿ ಇಲ್ಲದ ಮತ್ತು ಸ್ವಯಂ ಸಹಿಯ ಆಪ್ಲೆಟ್‌ಗಳನ್ನು, ವಿಳಾಸ ಈ ಪಟ್ಟಿಯಲ್ಲಿಲ್ಲದಿದ್ದರೆ, ಜಾವಾ ಓಡಲು ಬಿಡುವುದೇ ಇಲ್ಲ.

ಆಮೇಲೂ ‘ಸಹಿ ಸರಿಯಿಲ್ಲ’ ಎಂದು ನಿಂತರೆ ಕಾರಣ ಬಹುಮಟ್ಟಿಗೆ ಎಂಡಿ5, ಸಹಿಗೆ ಬಳಸುತ್ತಿದ್ದ ಹಳೆಯ ಅಲ್ಗಾರಿದಮ್. 2017ರ ಏಪ್ರಿಲ್‌ನಿಂದ ಎಂಡಿ5ನಿಂದ ಸಹಿಯಾದ ಜಾರ್ ಫೈಲನ್ನು (ಜಾವಾ ಪ್ರೋಗ್ರಾಂನ ಕಟ್ಟನ್ನು) ಜಾವಾ ಸಹಿಯೇ ಇಲ್ಲದ್ದು ಎಂದು ಲೆಕ್ಕ ಹಿಡಿಯುತ್ತದೆ. ಜಾವಾ ಫೋಲ್ಡರಿನ ‘ಲಿಬ್’ ಒಳಗೆ ‘ಸೆಕ್ಯುರಿಟಿ’ಯಲ್ಲಿ ‘ಜಾವಾ.ಸೆಕ್ಯುರಿಟಿ’ ಎಂಬ ಪಠ್ಯ ಫೈಲ್ ಇದೆ. ನೋಟ್‌ಪ್ಯಾಡನ್ನು ಅಡ್ಮಿನ್ ಆಗಿ ತೆರೆದು, ಜಾರ್ ಫೈಲಿಗೆ ನಿಷೇಧಿತ ಅಲ್ಗಾರಿದಮ್ಮುಗಳ ಸಾಲಿನಿಂದ ಎಂಡಿ5 ತೆಗೆಯಬೇಕು. ಸಾಧನ ತೀರಾ ಹಳೆಯದಾಗಿದ್ದು ಸಂಪರ್ಕವೇ ಕುದುರದಿದ್ದರೆ, ಟಿಎಲ್‌ಎಸ್ ನಿಷೇಧದ ಸಾಲಿನಿಂದ ಎಸ್‌ಎಸ್‌ಎಲ್‌ವಿ3 ಮತ್ತು ಆರ್‌ಸಿ4 ಎಂಬ ಹಳೆಯ ವಿಧಾನಗಳನ್ನು ತೆಗೆಯಬೇಕಾಗಬಹುದು. ಒಂದೊಂದೇ ತೆಗೆದು ಪರೀಕ್ಷಿಸಿ. ಒಟ್ಟಿಗೆ ಎಲ್ಲ ಅಳಿಸಿದರೆ ಯಾವುದು ಬೇಕಿತ್ತು ಎಂಬುದೇ ತಿಳಿಯುವುದಿಲ್ಲ. ಇದನ್ನು ದಿನನಿತ್ಯದ ಯಂತ್ರದಲ್ಲಿ ಮಾಡುವ ಕೆಲಸವಲ್ಲ ಎಂದು ಬೇರೆ ಹೇಳಬೇಕಿಲ್ಲ.

ಜೆಎನ್‌ಎಲ್‌ಪಿಗೆ ಇನ್ನೆರಡು ಕಿರಿಕಿರಿ. ಕೆಲವು ಸರ್ವರುಗಳು ಕೊಡುವ ಫೈಲಿನ ಹೆಸರಿನ ಕೊನೆಗೆ ಆವರಣ, ಐಪಿ, @ ಎಲ್ಲ ಅಂಟಿಕೊಂಡು ಬಂದು ವಿಂಡೋಸ್‌ಗೆ ಅದು ಯಾವ ಬಗೆಯ ಫೈಲ್ ಎಂದು ಗೊತ್ತಾಗುವುದಿಲ್ಲ. ಹೆಸರು ಬದಲಿಸಿ ಕೊನೆಗೆ ಬರೀ ಜೆಎನ್‌ಎಲ್‌ಪಿ ಉಳಿಯುವಂತೆ ಮಾಡಿ. ಫೈಲಿನೊಳಗೆ ಒಮ್ಮೆ ಮಾತ್ರ ಬಳಸಬಹುದಾದ ಸೆಷನ್ ಗುರುತು ಇರುವುದುಂಟು. ನಿನ್ನೆ ಇಳಿಸಿಟ್ಟ ಫೈಲನ್ನು ಇವತ್ತು ತೆರೆದರೆ ಲಾಗಿನ್ ವಿಫಲ ಎಂದು ಬರುವುದು ಅದಕ್ಕೇ. ಐಡ್ರಾಕ್‌ನ ಕನ್ಸೋಲ್ ಕಿಟಕಿ ತೆರೆದು ಕಪ್ಪಾಗಿಯೇ ಇದ್ದರೆ ಫೈರ್‌ವಾಲ್‌ನಲ್ಲಿ 5900ನೇ ಪೋರ್ಟ್ ನೋಡಿ. 443ಕ್ಕೆ ದಾರಿ ತೆರೆದು ಇದಕ್ಕೆ ತೆರೆಯುವುದು ಮರೆತಿರುತ್ತಾರೆ.

ಬರೀ ತೋರಿಸುವ ಜಾತಿಯ ಆಪ್ಲೆಟ್ ಆದರೆ ಇದ್ಯಾವುದೂ ಬೇಡ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ವಿಜ್ಞಾನ ಸಿಮ್ಯುಲೇಶನ್‌ಗಳು ಬಹುಪಾಲು ಎಚ್‌ಟಿಎಂಎಲ್5ಗೆ ಬಂದಿವೆ. ಉಳಿದ ಜಾವಾದವನ್ನು ಚೀರ್ಪ್‌ಜೆ ಎಂಬ ಸಾಧನ ಬ್ರೌಸರಿನೊಳಗೇ ವೆಬ್‌ಅಸೆಂಬ್ಲಿ ಮೂಲಕ ಓಡಿಸುತ್ತದೆ. ಜಿಯೋಜೀಬ್ರಾವೂ ಆಪ್ಲೆಟ್ ಬಿಟ್ಟು ವರ್ಷಗಳಾದವು. ಶಾಲೆಯ ಲ್ಯಾಬಿನಲ್ಲಿ ಇವಕ್ಕೋಸ್ಕರ ಹಳೇ ಜಾವಾ ಇಟ್ಟುಕೊಂಡಿದ್ದರೆ ಇವತ್ತೇ ತೆಗೆಯಬಹುದು.

ಫ್ಲ್ಯಾಶ್

ಫ್ಲ್ಯಾಶ್ ಪ್ಲೇಯರಿನ ಕೊನೆಯ ಆವೃತ್ತಿಗಳಲ್ಲಿ ಅಡೋಬಿ ಒಂದು ಗಡಿಯಾರ ಇಟ್ಟಿತ್ತು. 2021ರ ಜನವರಿ 12ರಿಂದ ಪ್ಲೇಯರ್ ಇದ್ದರೂ ಅದು ಏನನ್ನೂ ಆಡಿಸಲಿಲ್ಲ. ಚೀನಾದ ಡಾಲಿಯಾನ್‌ನ ರೈಲ್ವೆ ಡಿಪೋದಲ್ಲಿ ಅಂದು ಫ್ಲ್ಯಾಶ್ ನಂಬಿದ್ದ ಕೆಲಸದ ಪುಟಗಳು ನಿಂತು, ಹಳೆಯ ಆವೃತ್ತಿಗೆ ಹಿಂದಿರುಗಿ ಎಬ್ಬಿಸಿಕೊಂಡರು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಳಿದ ಫ್ಲ್ಯಾಶ್ ಅರ್ಜಿಗಳಿಗೆಂದು ಅದೇ ತಿಂಗಳು ತನ್ನದೇ ಬ್ರೌಸರ್ ಬಿಟ್ಟಿತು. ಮೂರೂವರೆ ವರ್ಷ ಮೊದಲೇ ಗಡುವು ಹೇಳಿದ್ದರೂ ಹೀಗಾಯಿತು.

ಫ್ಲ್ಯಾಶ್‌ನ ಎಸ್‌ಡಬ್ಲ್ಯೂಎಫ್ ಫೈಲ್ ಕೈಯಲ್ಲಿದ್ದರೆ ಅದನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದು ಮೊದಲ ಮೂರು ಅಕ್ಷರ ನೋಡಿ. ಎಫ್‌ಡಬ್ಲ್ಯೂಎಸ್ ಇದ್ದರೆ ಒತ್ತಿಡದ (ಕಂಪ್ರೆಸ್ ಮಾಡದ) ಫೈಲ್, ಸಿಡಬ್ಲ್ಯೂಎಸ್ ಇದ್ದರೆ ಜೆಡ್‌ಲಿಬ್‌ನಿಂದ ಒತ್ತಿದ್ದು, ಜೆಡ್‌ಡಬ್ಲ್ಯೂಎಸ್ ಇದ್ದರೆ ಎಲ್‌ಜೆಡ್‌ಎಂಎಯಿಂದ. ಈ ಮೂರೂ ಅಲ್ಲದೆ ಫೈಲಿನ ಹೆಸರು ಡಿಸಿಆರ್ ಎಂದು ಮುಗಿದರೆ ಅದು ಫ್ಲ್ಯಾಶೇ ಅಲ್ಲ, ಡೈರೆಕ್ಟರಿನ ಶಾಕ್‌ವೇವ್. ಅದು 2019ರ ಏಪ್ರಿಲ್‌ನಲ್ಲೇ ನಿಂತಿದೆ, ಮುಂದೆ ಹೇಳುವ ದಾರಿ ಅದಕ್ಕೆ ಹೊಂದುವುದಿಲ್ಲ.

ಆ ದಾರಿ ರಫಲ್. ರಸ್ಟ್ ಭಾಷೆಯಲ್ಲಿ ಬರೆದ ಫ್ಲ್ಯಾಶ್ ಎಮ್ಯುಲೇಟರ್. ಇಂಟರ್ನೆಟ್ ಆರ್ಕೈವ್ 2020ರ ನವೆಂಬರ್‌ನಿಂದ ಫ್ಲ್ಯಾಶ್ ಆಟ, ಅನಿಮೇಷನ್‌ಗಳನ್ನು ಇದರಿಂದಲೇ ತೋರಿಸುತ್ತಿದೆ. ನಿಮ್ಮ ತಾಣದಲ್ಲಿ ಹಳೆಯ ಪಾಠಗಳಿದ್ದರೆ ರಫಲ್‌ನ ಫೈಲುಗಳನ್ನು ಸರ್ವರಿನ ಒಂದು ಫೋಲ್ಡರಿನಲ್ಲಿ ಹಾಕಿ, ಪುಟದಲ್ಲಿ ಅದರ ಸ್ಕ್ರಿಪ್ಟ್ ಕರೆಯುವ ಒಂದೇ ಸಾಲು ಸೇರಿಸಿ. ಹಳೆಯ ‘ಆಬ್ಜೆಕ್ಟ್’, ‘ಎಂಬೆಡ್’ ಟ್ಯಾಗುಗಳನ್ನು ಅದೇ ಹುಡುಕಿ ಬದಲಿಸಿಕೊಳ್ಳುತ್ತದೆ. ಪುಟವನ್ನು ಡೆಸ್ಕ್‌ಟಾಪಿನಿಂದ ಡಬಲ್ ಕ್ಲಿಕ್ ಮಾಡಿ ತೆರೆದರೆ ಕೆಲಸ ಮಾಡದು, ವೆಬ್ ಸರ್ವರಿನಿಂದಲೇ ಬರಬೇಕು. ಸರ್ವರಿನಲ್ಲಿ ವೆಬ್‌ಅಸೆಂಬ್ಲಿ ಫೈಲಿಗೆ ‘ಅಪ್ಲಿಕೇಶನ್/ವಾಸ್ಮ್’ ಎಂಬ ಮೈಮ್ ಬಗೆ ಸೇರಿಸಿರಬೇಕು. ಹಳೆಯ ಐಐಎಸ್ ಸರ್ವರುಗಳಲ್ಲಿ ಇದು ಇರುವುದಿಲ್ಲ, ಆ ಫೈಲ್ ಕೇಳಿದರೆ 404 ಕೊಡುತ್ತವೆ.

ರಫಲ್ ಎಲ್ಲಿ ಸೋಲುತ್ತದೆ? ಆಕ್ಷನ್‌ಸ್ಕ್ರಿಪ್ಟ್ 1 ಮತ್ತು 2ರಲ್ಲಿ ಬರೆದದ್ದು ಬಹುತೇಕ ಓಡುತ್ತದೆ. 2006ರ ಫ್ಲ್ಯಾಶ್ 9ರ ಜೊತೆ ಬಂದ ಆಕ್ಷನ್‌ಸ್ಕ್ರಿಪ್ಟ್ 3ರಲ್ಲಿ ಬರೆದದ್ದನ್ನು ಒಂದೊಂದಾಗಿ ಪರೀಕ್ಷಿಸಿಯೇ ನಂಬಬೇಕು. ಆರ್‌ಟಿಎಂಪಿ ವಿಡಿಯೋ ಸ್ಟ್ರೀಮ್ ನಂಬಿದ ಫೈಲುಗಳು ನಿಲ್ಲುತ್ತವೆ. ಆದರೆ ಅದು ಎಮ್ಯುಲೇಟರಿನ ದೋಷಕ್ಕಿಂತ ಹಿಂದಿನ ಸರ್ವರೇ ಇಲ್ಲದ ದೋಷ ಆಗಿರುತ್ತದೆ. ಎಮ್ಯುಲೇಟರ್ ಕೈಕೊಟ್ಟರೆ ಅಡೋಬಿಯದೇ ಸ್ವತಂತ್ರ ‘ಪ್ರೊಜೆಕ್ಟರ್’ ಇದೆ. ಬ್ರೌಸರ್ ಬೇಡ, ಅದರಲ್ಲಿ ಗಡಿಯಾರವೂ ಇಲ್ಲ. ವಿಂಡೋಸ್‌ನ ಕೆಬಿ4577586 ಅಪ್‌ಡೇಟ್ ಅಳಿಸುವುದು ವಿಂಡೋಸ್ ತನ್ನ ಜೊತೆ ತಂದಿದ್ದ ಫ್ಲ್ಯಾಶನ್ನು ಮಾತ್ರ. ಪ್ರೊಜೆಕ್ಟರನ್ನು ಅದು ಮುಟ್ಟುವುದಿಲ್ಲ.

ಕನ್ನಡ ಪಾಠಗಳ ಎಸ್‌ಡಬ್ಲ್ಯೂಎಫ್ ಆದರೆ ಒಂದು ವಿಶೇಷ. ಫೈಲಿನೊಳಗೆ ತುಂಬಿದ ಯೂನಿಕೋಡ್ ಫಾಂಟಿನಿಂದ ಒತ್ತಕ್ಷರ ಕೂಡಿಸುವುದು ಹಳೆಯ ಫ್ಲ್ಯಾಶ್‌ಗೆ ಬರುತ್ತಿರಲಿಲ್ಲ. ಇಂಥ ಲಿಪಿಗಳಿಗೆ ಹೊಸ ಪಠ್ಯ ಎಂಜಿನ್ ಬಂದದ್ದು 2008ರ ಫ್ಲ್ಯಾಶ್ 10ರಲ್ಲಿ. ಅದಕ್ಕಾಗಿ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡುವುದು ಅಥವಾ ಅಕ್ಷರಗಳನ್ನು ಒಡೆದು ಚಿತ್ರವಾಗಿಸುವುದು ಸುಲಭದ ದಾರಿಯಾಗಿತ್ತು. ಜೆಪೆಕ್ಸ್ ಎಂಬ ಉಚಿತ ಡಿಕಂಪೈಲರಿನಲ್ಲಿ ಫೈಲ್ ತೆರೆದು ‘ಟೆಕ್ಸ್ಟ್ಸ್’ ಭಾಗ ನೋಡಿ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂದಲ ಕಂಡರೆ ಸಂತೋಷಪಡಿ, ಪರಿವರ್ತಕಕ್ಕೆ ಹಾಕಿ ಪಠ್ಯ ಉಳಿಸಬಹುದು. ‘ಶೇಪ್ಸ್’ ಮಾತ್ರ ಇದ್ದರೆ ಮತ್ತೆ ಟೈಪ್ ಮಾಡುವುದೊಂದೇ ಗತಿ.

ಪಕ್ಕದ ಕೋಣೆಯಲ್ಲಿ ಕೂತದ್ದು

ಡಿಜಿಟಲ್ ಸಹಿಯ ಕತೆಯನ್ನು ದಕ್ಷಿಣ ಕೊರಿಯಾದಿಂದ ಶುರು ಮಾಡಬೇಕು. 1990ರ ದಶಕದಲ್ಲಿ ಅಮೆರಿಕ ಬಲವಾದ ಗೂಢಲಿಪಿಯ ರಫ್ತಿಗೆ ತಡೆ ಹಾಕಿತ್ತು, ಹೊರದೇಶಕ್ಕೆ ಹೋಗುತ್ತಿದ್ದ ಬ್ರೌಸರುಗಳಲ್ಲಿ 40 ಬಿಟ್ ಮಾತ್ರ. ಕೊರಿಯನ್ನರು ಸೀಡ್ ಎಂಬ ತಮ್ಮದೇ 128 ಬಿಟ್ ಗೂಢಲಿಪಿ ಮಾಡಿಕೊಂಡು, ಬ್ಯಾಂಕಿಂಗಿಗೆ ಅದನ್ನು ಆಕ್ಟಿವ್‌ಎಕ್ಸ್ ಮೂಲಕ ಎಕ್ಸ್‌ಪ್ಲೋರರಿಗೆ ಅಂಟಿಸಿದರು. ರಫ್ತಿನ ತಡೆ ಸಡಿಲವಾದರೂ ಅಂಟು ಬಿಡಲಿಲ್ಲ. ಅಧಿಕೃತ ಪ್ರಮಾಣಪತ್ರದ ವ್ಯವಸ್ಥೆ ಕಾನೂನಿನಿಂದ ಹೋದದ್ದು 2020ರ ಡಿಸೆಂಬರ್ 10ಕ್ಕೆ. ಅಷ್ಟರಲ್ಲಿ ಆಕ್ಟಿವ್‌ಎಕ್ಸ್ ಜಾಗಕ್ಕೆ ವಿಂಡೋಸ್ ಶುರುವಾದೊಡನೆ ಎದ್ದು ಹಿನ್ನೆಲೆಯಲ್ಲಿ ಕೂರುವ ಇಎಕ್ಸ್‌ಇಗಳು ಬಂದಿದ್ದವು.

ನಮ್ಮಲ್ಲೂ ಹಾಗೇ. ಟೆಂಡರ್, ಕಂಪನಿ ನೋಂದಣಿ, ತೆರಿಗೆ ಎಲ್ಲಕ್ಕೂ ಒಂದು ಕಾಲದಲ್ಲಿ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಪ್ರಮಾಣಪತ್ರ ಇರುವ ಯುಎಸ್‌ಬಿ ಕಡ್ಡಿ) ಮುಟ್ಟುತ್ತಿದ್ದುದು ಜಾವಾ ಆಪ್ಲೆಟ್. ಆಪ್ಲೆಟ್ ಹೋದ ಮೇಲೆ ಅದೇ ಕೆಲಸವನ್ನು ನಿಮ್ಮ ಕಂಪ್ಯೂಟರಿನ 127.0.0.1 ವಿಳಾಸದಲ್ಲಿ ಕಿವಿಗೊಟ್ಟು ಕೂತ ಚಿಕ್ಕ ಪ್ರೋಗ್ರಾಂ ಮಾಡುತ್ತದೆ. ಪುಟದ ಜಾವಾಸ್ಕ್ರಿಪ್ಟ್ ಅದಕ್ಕೆ ‘ಇದಕ್ಕೆ ಸಹಿ ಹಾಕು’ ಎನ್ನುತ್ತದೆ, ಅದು ಟೋಕನ್ನಿನ ಡ್ರೈವರನ್ನು ಕರೆದು ಪಿನ್ ಕೇಳುತ್ತದೆ. ಜಿಎಸ್‌ಟಿಯ ಎಮ್‌ಸೈನರ್ ಇಂಥದ್ದೇ, ಅದು ಕೂರುವುದು 1585ನೇ ಪೋರ್ಟಿನಲ್ಲಿ.

ಆಡಿಟರ್ ಆಫೀಸುಗಳಲ್ಲಿ ರಿಟರ್ನ್ ಗಡುವಿನ ದಿನ ಕೇಳಿಬರುವ ‘ಎಮ್‌ಸೈನರ್ ಕನೆಕ್ಟ್ ಆಗ್ತಿಲ್ಲ’ಕ್ಕೆ ಈ ಕ್ರಮದಲ್ಲಿ ನೋಡಿ. ಮೊದಲು ಟೋಕನ್ನಿನದೇ ತಂತ್ರಾಂಶ ತೆರೆದು ಪ್ರಮಾಣಪತ್ರ ಕಾಣುತ್ತದೆಯೇ, ಅವಧಿ ಇದೆಯೇ ಪರೀಕ್ಷಿಸಿ. ಅಲ್ಲೇ ಕಾಣದಿದ್ದರೆ ಬ್ರೌಸರಿನ ಮೇಲೆ ಸಿಟ್ಟಾಗಿ ಫಲವಿಲ್ಲ. ಎರಡು ಟೋಕನ್ ಒಟ್ಟಿಗೆ ಚುಚ್ಚಿದ್ದರೆ ಒಂದನ್ನು ತೆಗೆಯಿರಿ. ಎಮ್‌ಸೈನರನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ಶುರು ಮಾಡಿ. ಆಮೇಲೆ ಅದೇ ಬ್ರೌಸರಿನಲ್ಲಿ ಎಚ್‌ಟಿಟಿಪಿಎಸ್ ಹಚ್ಚಿ 127.0.0.1:1585 ತೆರೆಯಿರಿ. ಪ್ರಮಾಣಪತ್ರದ ಎಚ್ಚರಿಕೆ ಬಂದರೆ ‘ಅಡ್ವಾನ್ಸ್ಡ್’ ಒತ್ತಿ ಮುಂದುವರಿಯಿರಿ. ಈ ಎಚ್ಚರಿಕೆಯನ್ನು ಒಪ್ಪಿಕೊಳ್ಳಬಹುದಾದದ್ದು ನಿಮ್ಮದೇ ಯಂತ್ರದ ಈ ವಿಳಾಸಕ್ಕೆ ಮಾತ್ರ, ಬೇರೆ ಯಾವ ತಾಣಕ್ಕೂ ಅಲ್ಲ. ಪುಟವೇ ತೆರೆಯದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಸ್ಟ್ಯಾಟ್ ಕೊಟ್ಟು 1585 ಯಾರ ಕೈಯಲ್ಲಿದೆ ನೋಡಿ. ಇನ್ನೊಂದು ಪೋರ್ಟಲ್‌ಗೆಂದು ಹಾಕಿದ ಸಹಿ ತಂತ್ರಾಂಶ ಆ ಜಾಗದಲ್ಲಿ ಕೂತಿದ್ದರೆ ಅದನ್ನು ಮುಚ್ಚಬೇಕು. ಫೈರ್‌ಫಾಕ್ಸ್ ತನ್ನದೇ ಪ್ರಮಾಣಪತ್ರ ಭಂಡಾರವನ್ನೂ ಇಟ್ಟುಕೊಂಡಿರುವುದರಿಂದ ಕ್ರೋಮ್‌ನಲ್ಲಿ ಆದದ್ದು ಅಲ್ಲಿ ಆಗದಿರಬಹುದು.

ಈಚೆಗೆ ಇನ್ನೊಂದು ಕಾರಣ ಸೇರಿದೆ. ಕ್ರೋಮ್ 142ರಿಂದ ಹೊರಗಿನ ತಾಣವೊಂದು ನಿಮ್ಮ ಲೋಕಲ್ ನೆಟ್‌ವರ್ಕನ್ನೋ ನಿಮ್ಮದೇ ಯಂತ್ರವನ್ನೋ ಮುಟ್ಟುವ ಮುನ್ನ ಅನುಮತಿ ಕೇಳುತ್ತದೆ. ಅವಸರದಲ್ಲಿ ‘ಬ್ಲಾಕ್’ ಒತ್ತಿದ್ದರೆ ಆಮೇಲೆ ಕೇಳದೆ ಸುಮ್ಮನೆ ತಡೆಯುತ್ತಿರುತ್ತದೆ. ವಿಳಾಸದ ಎಡಬದಿಯ ಗುರುತು ಒತ್ತಿ, ಸೈಟ್ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿಯನ್ನು ಬದಲಿಸಿ.

ಕ್ರೋಮ್ ಮಾಡಿದ್ದು ಸರಿ. ಹಳೆಯ ಪ್ಲಗಿನ್ ಪುಟ ತೆರೆದಾಗ ಏಳುತ್ತಿತ್ತು, ಮುಚ್ಚಿದಾಗ ಮಲಗುತ್ತಿತ್ತು. ಈ ಲೋಕಲ್ ಪ್ರೋಗ್ರಾಂ ದಿನವಿಡೀ ಎಚ್ಚರ. ಯಾವ ತಾಣ ಮಾತಾಡಿಸುತ್ತಿದೆ ಎಂದು ಅದು ಸ್ವತಃ ವಿಚಾರಿಸಿಕೊಳ್ಳದಿದ್ದರೆ, ನೀವು ತೆರೆದ ಯಾವುದೋ ಪುಟವೂ ಅದರ ಬಾಗಿಲು ತಟ್ಟಬಹುದು. ಸ್ಟಾರ್ಟಪ್ ಪಟ್ಟಿಯಿಂದ ಇವನ್ನು ತೆಗೆದು, ಸಹಿ ಹಾಕುವಾಗ ಮಾತ್ರ ಎಬ್ಬಿಸಿ, ಕೆಲಸ ಮುಗಿದೊಡನೆ ಟೋಕನ್ ಕಿತ್ತಿಡಿ.

ಪೆಟ್ಟಿಗೆಯೊಳಗೆ ಇಡುವುದು

ಯಾವ ದಾರಿಯೂ ಹೊಂದದೆ ಹಳೆಯ ಬ್ರೌಸರೇ ಬೇಕಾದರೆ ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೆ ತಂತ್ರಾಂಶವಾಗಿ ಓಡುವ ಇನ್ನೊಂದು ಕಂಪ್ಯೂಟರ್) ಮಾಡಿ. 2 ಜಿಬಿ ರ‍್ಯಾಮ್, 40 ಜಿಬಿ ಡಿಸ್ಕ್ ಸಾಕು. ಅದರೊಳಗೆ 32 ಬಿಟ್ ಫೈರ್‌ಫಾಕ್ಸ್ ಇಎಸ್‌ಆರ್ 52.9 ಹಾಕಿ. ಜಾವಾ, ಸಿಲ್ವರ್‌ಲೈಟ್ ಎರಡನ್ನೂ ಒಪ್ಪುವ ಕೊನೆಯ ಫೈರ್‌ಫಾಕ್ಸ್ ಸಾಲು ಅದು. ಇನ್‌ಸ್ಟಾಲ್ ಮಾಡುವಾಗಲೇ ನೆಟ್ ಕಿತ್ತಿಟ್ಟು, ‘ಅಬೌಟ್:ಕಾನ್ಫಿಗ್’ನಲ್ಲಿ ಅಪ್‌ಡೇಟ್ ಆಫ್ ಮಾಡಿ. ಮರೆತರೆ ಮೊದಲ ಸಲ ನೆಟ್ ಸಿಕ್ಕಾಗ ತಾನೇ ಮೇಲಿನ ಆವೃತ್ತಿಗೆ ಏರಿ ಪ್ಲಗಿನ್ ಬಿಟ್ಟುಬಿಡುತ್ತದೆ. ನೆಟ್‌ವರ್ಕ್ ಬೇಕಾದ ಸಾಧನಕ್ಕೆ ಮಾತ್ರ ತಲುಪುವಂತೆ ಇರಲಿ, ಗೇಟ್‌ವೇ ಖಾಲಿ ಬಿಡಿ. ಕ್ಲಿಪ್‌ಬೋರ್ಡ್, ಫೋಲ್ಡರ್ ಹಂಚಿಕೆ ಆಫ್ ಮಾಡಿ. ಎಲ್ಲ ಸರಿಯಾದ ಮೇಲೆ ಸ್ನ್ಯಾಪ್‌ಶಾಟ್ (ಆ ಸ್ಥಿತಿಯ ನಕಲು) ತೆಗೆದು, ಪ್ರತಿ ಬಳಕೆಯ ನಂತರ ಅದಕ್ಕೇ ಹಿಂದಿರುಗಿ.

ಯಂತ್ರದ ದಿನಾಂಕವನ್ನು ಹಿಂದಕ್ಕೆ ತಿರುಗಿಸಿ ಫ್ಲ್ಯಾಶ್‌ನ ಗಡಿಯಾರವನ್ನೋ ಮುಗಿದ ಪ್ರಮಾಣಪತ್ರವನ್ನೋ ಯಾಮಾರಿಸುವ ಉಪಾಯವೊಂದು ಓಡಾಡುತ್ತದೆ. ನೆಟ್‌ವರ್ಕಿನಲ್ಲಿರುವ ಯಂತ್ರದಲ್ಲಿ ಅದನ್ನು ಮಾಡಿದರೆ ಹೊಸ ಪ್ರಮಾಣಪತ್ರಗಳೆಲ್ಲ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ನಿಲ್ಲುತ್ತವೆ, ಡೊಮೇನ್ ಲಾಗಿನ್ ಕೆಡುತ್ತದೆ, ಲಾಗ್ ಫೈಲುಗಳ ದಿನಾಂಕ ನಂಬುವಂತಿರುವುದಿಲ್ಲ.

ಕೊನೆಗೆ ಇನ್‌ಸ್ಟಾಲರ್‌ಗಳ ವಿಷಯ. ಅಡೋಬಿ ತನ್ನ ತಾಣದಿಂದ ಫ್ಲ್ಯಾಶ್ ಪ್ಲೇಯರಿನ ಡೌನ್‌ಲೋಡ್‌ಗಳನ್ನು ತೆಗೆದಿದೆ, ಸಾಧನ ತಯಾರಕರೂ ಹಳೆಯ ಮಾದರಿಯ ಪುಟ ಅಳಿಸುತ್ತಿರುತ್ತಾರೆ. ‘ಉಚಿತ ಹಳೇ ಆವೃತ್ತಿ’ ಎಂದು ಸಿಗುವ ತಾಣಗಳ ಫೈಲುಗಳಲ್ಲಿ ಏನಿದೆಯೋ ದೇವರೇ ಬಲ್ಲ. ಈಗ ಕೈಯಲ್ಲಿರುವ ಜಾವಾ, ಫೈರ್‌ಫಾಕ್ಸ್, ಪ್ರೊಜೆಕ್ಟರ್, ಡಿವಿಆರ್‌ನ ಇಎಕ್ಸ್‌ಇ, ಫರ್ಮ್‌ವೇರ್ ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆದೇಶದಿಂದ ಪ್ರತಿಯೊಂದರ ಎಸ್‌ಎಚ್‌ಎ256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಪಕ್ಕದಲ್ಲೊಂದು ಪಠ್ಯ ಫೈಲಿನಲ್ಲಿ ಬರೆದಿಡಿ. ಯಾವ ಸಾಧನಕ್ಕೆ ಯಾವ ಆವೃತ್ತಿ, ‘ಜಾವಾ.ಸೆಕ್ಯುರಿಟಿ’ಯಲ್ಲಿ ಏನು ತೆಗೆದಿರಿ, ಐಇ ಮೋಡ್ ಪಟ್ಟಿ ಎಲ್ಲಿದೆ ಎಂಬುದೂ ಅದರಲ್ಲೇ ಇರಲಿ. ಫೋಲ್ಡರಿನ ಒಂದು ಪ್ರತಿ ಆ ಯಂತ್ರದಿಂದ ಹೊರಗಿರಲಿ.